ಬಾತ್ಮಿ, ಸುದ್ದಿ, ಹೊಣೆ: ಕಾಗಲ ಸೀಮೆಯ ಸುದ್ದಿಲೋಕದ ಪಲ್ಲಟಗಳು

ಕೃಷ್ಣೆಯಿಂದ ಪಂಚಗಂಗೆಯವರೆಗಿನ ಕನ್ನಡದಲ್ಲಿ ಸುದ್ದಿಗೆ ಎರಡು ಹೆಸರುಗಳಿವೆ. ಒಂದು ಸುದ್ದಿ, ಇನ್ನೊಂದು ಮರಾಠಿಯಿಂದ ಬಂದು ಇಲ್ಲಿಯದೇ ಆಗಿಬಿಟ್ಟ ಬಾತ್ಮಿ. ನಿಘಂಟುಕಾರರು ಸುದ್ದಿಯನ್ನು ಸಂಸ್ಕೃತದ ಶುದ್ಧಿಯ ತದ್ಭವವೆಂದು ಹೇಳುತ್ತಾರೆ. ಕಲಬೆರಕೆಯಿಲ್ಲದ ತಿಳಿವಳಿಕೆ ಎಂಬ ಅರ್ಥ ಅದರ ಬುಡದಲ್ಲಿದೆ. ಆದರೆ ಬಳಕೆಯಲ್ಲಿ ಸುದ್ದಿ ತನ್ನಷ್ಟಕ್ಕೆ ಹಬ್ಬುತ್ತದೆ, ಮುಟ್ಟುತ್ತದೆ, ಗಾಳಿಸುದ್ದಿಯಾಗುತ್ತದೆ. ಬಾತ್ಮಿಗೆ ಹಾಗೆ ಒಂಟಿಯಾಗಿ ಓಡಾಡುವ ಸ್ವಾತಂತ್ರ್ಯವಿಲ್ಲ. ಅದನ್ನು ತರುವ ಒಬ್ಬ ಬಾತ್ಮೀದಾರ ಬೇಕು. ಉತ್ತರ ಕರ್ನಾಟಕದ ಹಳೆಯ ಪತ್ರಿಕೆಗಳು ವರದಿಗಾರನನ್ನು ಈ ಹೆಸರಿನಿಂದಲೇ ಕರೆದವು; ಪೊಲೀಸ್ ಠಾಣೆಯ ಕಾಗದಪತ್ರಗಳಲ್ಲಿ ಇಂದಿಗೂ ದಾಳಿಗೆ ಮುನ್ನ ‘ಖಚಿತ ಬಾತ್ಮಿ’ ಬಂದಿರಲೇಬೇಕು. ತಂದವನ ಹೆಸರು ಬಹಿರಂಗವಾಗದಿದ್ದರೂ ತಂದವನೊಬ್ಬನಿದ್ದಾನೆ ಎಂಬ ಭರವಸೆ ಆ ಪದದಲ್ಲಿದೆ.

ಬ್ಲಾಗು, ಮೊಬೈಲು, ಸಾಮಾಜಿಕ ಜಾಲತಾಣಗಳು ಸುದ್ದಿಯನ್ನು ಹೇಗೆ ಬದಲಿಸಿದವು ಎಂಬ ಪ್ರಶ್ನೆಗೆ ಕನ್ನಡದಲ್ಲಿ ಸಾಮಾನ್ಯವಾಗಿ ಎರಡು ಉತ್ತರಗಳು ದೊರೆಯುತ್ತವೆ. ಸುದ್ದಿ ಪ್ರಜಾಸತ್ತಾತ್ಮಕವಾಯಿತು, ಎಲ್ಲರೂ ಪತ್ರಕರ್ತರಾದರು ಎಂಬುದು ಮೊದಲನೆಯದು. ಸುದ್ದಿಯ ವಿಶ್ವಾಸಾರ್ಹತೆ ಕುಸಿಯಿತು, ಸುಳ್ಳಿಗೆ ರೆಕ್ಕೆ ಬಂತು ಎಂಬುದು ಎರಡನೆಯದು. ಎರಡೂ ಬೆಂಗಳೂರಿನಲ್ಲಿ ಕುಳಿತು ನೋಡಿದ ಉತ್ತರಗಳು. ಕಾಗಲ, ಗಡಹಿಂಗ್ಲಜ, ಇಚಲಕರಂಜಿ, ಶಿರೋಳಗಳಂಥ ಕಡೆ, ಅಂದರೆ ಕನ್ನಡವು ಮನೆಯ ಮಾತಾಗಿದ್ದು ಶಾಲೆ, ಕಚೇರಿ, ಪತ್ರಿಕೆಗಳು ಮರಾಠಿಯಲ್ಲಿರುವ ಪ್ರದೇಶದಲ್ಲಿ ನಿಂತು ನೋಡಿದರೆ ಪ್ರಶ್ನೆಯ ರೂಪವೇ ಬೇರೆಯಾಗುತ್ತದೆ. ಸುದ್ದಿ ಯಾರದು, ಅದಕ್ಕೆ ಹೊಣೆ ಯಾರು, ನಾಳೆ ಅದು ಎಲ್ಲಿ ಸಿಗುತ್ತದೆ ಎಂಬ ಮೂರು ಪ್ರಶ್ನೆಗಳನ್ನು ಇಲ್ಲಿ ಬೇರೆಬೇರೆಯಾಗಿ ಕೇಳಬೇಕಾಗುತ್ತದೆ. ತಂತ್ರಜ್ಞಾನ ಈ ಮೂರರ ಮೇಲೂ ಪರಿಣಾಮ ಬೀರಿದೆ. ಆದರೆ ಒಂದೇ ದಿಕ್ಕಿನಲ್ಲಿ ಅಲ್ಲ.

1. ಕೊಲ್ಹಾಪುರ ಪ್ರಕರಣ: ಸುಳ್ಳಿಗೂ ವಿಳಾಸವಿದ್ದ ಕಾಲ

ಸುಳ್ಳುಸುದ್ದಿಯನ್ನು ಮೊಬೈಲಿನ ಸಂತಾನವೆಂದು ಭಾವಿಸುವವರು ಕೊಲ್ಹಾಪುರ ಸಂಸ್ಥಾನದ 1881–82ರ ಇತಿಹಾಸವನ್ನು ಓದಬೇಕು. 1881ರ ಜನವರಿಯಲ್ಲಿ ಪುಣೆಯಿಂದ ಇಂಗ್ಲಿಷಿನ ‘ಮರಾಠಾ’ ಮತ್ತು ಮರಾಠಿಯ ‘ಕೇಸರಿ’ ಹೊರಟವು. ತಿಲಕರು ಮೊದಲನೆಯದರ, ಗೋಪಾಳ ಗಣೇಶ ಆಗರ್ಕರರು ಎರಡನೆಯದರ ಸಂಪಾದಕರು. ಕೊಲ್ಹಾಪುರದ ಎಳೆಯ ಮಹಾರಾಜ ನಾಲ್ಕನೆಯ ಶಿವಾಜಿಯನ್ನು ಸಂಸ್ಥಾನದ ಕಾರಭಾರಿ ಬರ್ವೆಯವರು ಕೆಟ್ಟದಾಗಿ ನಡೆಸಿಕೊಳ್ಳುತ್ತಿದ್ದಾರೆ ಎಂಬ ಆರೋಪವನ್ನು ಈ ಪತ್ರಿಕೆಗಳು ಎತ್ತಿಕೊಂಡವು. ಆರೋಪಕ್ಕೆ ಆಧಾರವಾಗಿ ಬಳಸಿದ ಪತ್ರಗಳು ಖೋಟಾ ಎಂಬುದು ನ್ಯಾಯಾಲಯದಲ್ಲಿ ಬಯಲಾಯಿತು. ಸಂಪಾದಕರಿಬ್ಬರೂ ಕ್ಷಮೆ ಕೇಳಿದರು; ಆದರೂ 1882ರ ಜುಲೈನಲ್ಲಿ ನಾಲ್ಕು ತಿಂಗಳ ಸಾದಾ ಸಜೆಯಾಯಿತು. ಮುಂಬಯಿಯ ಡೋಂಗರಿ ಕಾರಾಗೃಹದಲ್ಲಿ ಅವರು ಕಳೆದದ್ದು 101 ದಿನ. ಆಗರ್ಕರರು ಆ ದಿನಗಳನ್ನು ಕುರಿತು ಬರೆದ ಪುಸ್ತಕ ಮರಾಠಿ ಗದ್ಯದ ಮುಖ್ಯ ಕೃತಿಗಳಲ್ಲಿ ಒಂದು.

ಈ ಪ್ರಕರಣವನ್ನು ರಾಷ್ಟ್ರೀಯ ಹೋರಾಟದ ಮೊದಲ ಸೆರೆವಾಸವೆಂದು ಓದುವುದು ರೂಢಿ. ಸುದ್ದಿಯ ಚರಿತ್ರೆಯ ಕಡೆಯಿಂದ ಓದಿದರೆ ಬೇರೆ ಮೂರು ಸಂಗತಿಗಳು ಕಾಣುತ್ತವೆ. ಮೊದಲನೆಯದಾಗಿ, ಪತ್ರಗಳು ಸುಳ್ಳಾಗಿದ್ದರೂ ಅವುಗಳ ಹಿಂದಿನ ಆತಂಕ ಪೂರ್ಣ ಸುಳ್ಳಾಗಿರಲಿಲ್ಲ. ಆ ಮಹಾರಾಜ 1883ರ ಡಿಸೆಂಬರಿನಲ್ಲಿ ಅಹಮದನಗರದಲ್ಲಿ ಕಾವಲಿನಲ್ಲಿದ್ದಾಗಲೇ ತೀರಿಕೊಂಡ. ನಿಜವಾದ ದುಃಖದ ಬೆನ್ನೇರಿ ಖೋಟಾ ದಾಖಲೆ ಸವಾರಿ ಮಾಡುವುದು ಇಂದಿಗೂ ಸುಳ್ಳುಸುದ್ದಿಯ ಮುಖ್ಯ ಮಾರ್ಗವಾಗಿದೆ. ಎರಡನೆಯದಾಗಿ, ಸುಳ್ಳು ಅಚ್ಚಾದಾಗ ಅದಕ್ಕೊಂದು ವಿಳಾಸವಿತ್ತು. 1867ರ ಮುದ್ರಣಾಲಯ ಮತ್ತು ಪುಸ್ತಕ ನೋಂದಣಿ ಕಾಯ್ದೆಯ ಪ್ರಕಾರ ಪ್ರತಿ ಪತ್ರಿಕೆಯ ಮೇಲೆ ಮುದ್ರಕ, ಪ್ರಕಾಶಕರ ಹೆಸರು ಇರಬೇಕಿತ್ತು. ವಸಾಹತುಶಾಹಿ ಸರ್ಕಾರ ಈ ನಿಯಮವನ್ನು ಮಾಡಿದ್ದು ಪತ್ರಿಕೆಗಳ ಮೇಲೆ ಕಣ್ಣಿಡಲು. ಅದೇ ನಿಯಮ ಓದುಗನಿಗೆ ಪ್ರಶ್ನೆ ಕೇಳುವ ಬಾಗಿಲನ್ನೂ ತೆರೆಯಿತು. ಮೂರನೆಯದಾಗಿ, ಹೊಣೆ ಹೊತ್ತವರ ಬೆನ್ನಿಗೆ ಸಮಾಜ ನಿಂತಿತು. ಸಂಪಾದಕರಿಗೆ ಜಾಮೀನು ಒದಗಿಸಲು ನೆರವಾದವರಲ್ಲಿ ಅವರ ವಿಚಾರಗಳೊಂದಿಗೆ ಹೆಚ್ಚು ಹೊಂದಿಕೆಯಿಲ್ಲದ ಜೋತಿರಾವ್ ಫುಲೆಯವರೂ ಇದ್ದರು.

ಆ ಸಾವಿನ ಬಳಿಕ ಕೊಲ್ಹಾಪುರದ ಗಾದಿಗೆ ದತ್ತಕವಾಗಿ ಬಂದವರು ಕಾಗಲದ ಘಾಟಗೆ ಮನೆತನದ ಹುಡುಗ. 1884ರಲ್ಲಿ ಅವರು ಶಾಹು ಮಹಾರಾಜರಾದರು. ತಂದೆ ಕಾಗಲದ ಜಹಗೀರುದಾರರು, ತಾಯಿ ರಾಧಾಬಾಯಿ ಮುಧೋಳದ ಘೋರ್ಪಡೆ ಮನೆತನದವರು. ಗಡಿ ಎಂಬ ಇಂದಿನ ಗೆರೆ ಇಲ್ಲದ ಕಾಲದಲ್ಲಿ ಕಾಗಲಕ್ಕೂ ಮುಧೋಳಕ್ಕೂ ಇದ್ದದ್ದು ನೆಂಟಸ್ತನ.

2. ಯಾರ ಸುದ್ದಿ: ಮೂಕನಾಯಕನಿಂದ ಜಿಲ್ಲಾ ಪುಟದವರೆಗೆ

ಹೊಣೆಯ ಪ್ರಶ್ನೆಗೆ 1882 ಒಂದು ನೆಲೆಯಾದರೆ, ಯಾರ ಸುದ್ದಿ ಎಂಬ ಪ್ರಶ್ನೆಗೆ 1920 ಇನ್ನೊಂದು ನೆಲೆ. ಆ ವರ್ಷದ ಜನವರಿ 31ರಂದು ಅಂಬೇಡ್ಕರರ ‘ಮೂಕನಾಯಕ’ ಪಾಕ್ಷಿಕ ಹೊರಬಂತು. ಅದಕ್ಕೆ ಶಾಹು ಮಹಾರಾಜರು 2,500 ರೂಪಾಯಿಗಳ ನೆರವು ನೀಡಿದರು. ಮಾರ್ಚ್ 21 ಮತ್ತು 22ರಂದು ಅಂದಿನ ಕಾಗಲ ಜಹಗೀರಿಗೆ ಸೇರಿದ ಮಾಣಗಾಂವದಲ್ಲಿ ಅಸ್ಪೃಶ್ಯರ ಪರಿಷತ್ತು ಸೇರಿತು. ಅಧ್ಯಕ್ಷತೆ ಅಂಬೇಡ್ಕರರದು, ಶಾಹು ಮಹಾರಾಜರು ಖುದ್ದಾಗಿ ಹಾಜರಿದ್ದರು. ಪತ್ರಿಕೆಗಳು ಇದ್ದೂ ತಮ್ಮ ಸುದ್ದಿ ಇಲ್ಲದವರಿಗೆ ತಮ್ಮದೇ ಪತ್ರಿಕೆ ಬೇಕು ಎಂಬುದು ‘ಮೂಕನಾಯಕ’ ಎಂಬ ಹೆಸರಿನಲ್ಲೇ ಅಡಕವಾದ ವಾದ. ಮೂಕರು ಮಾತು ಬಾರದವರಲ್ಲ. ಅವರ ಮಾತನ್ನು ಅಚ್ಚಿಗೆ ಕೊಂಡೊಯ್ಯುವವರು ಇರಲಿಲ್ಲ.

ಈ ವಾದವನ್ನು ಭಾಷಾ ಅಲ್ಪಸಂಖ್ಯಾತರಿಗೆ ಹಾಗೆಯೇ ಅನ್ವಯಿಸುವುದು ಸರಿಯಲ್ಲ. ಜಾತಿಯ ಹಿಂಸೆಗೂ ಭಾಷೆಯ ಅಂಚಿನ ಬದುಕಿಗೂ ಹೋಲಿಕೆ ಸಲ್ಲದು. ಆದರೆ ಅಚ್ಚಿನ ಸುದ್ದಿಗೆ ಒಂದು ಭೂಪಟವಿರುತ್ತದೆ ಎಂಬ ಅರಿವನ್ನು ಅಲ್ಲಿಂದ ಪಡೆಯಬಹುದು. ಬೆನೆಡಿಕ್ಟ್ ಆಂಡರ್ಸನ್ 1983ರ ತಮ್ಮ ಕೃತಿಯಲ್ಲಿ, ಒಂದೇ ಬೆಳಿಗ್ಗೆ ಒಂದೇ ಪತ್ರಿಕೆಯನ್ನು ಓದುವ ಅಪರಿಚಿತರು ತಾವೆಲ್ಲ ಒಂದು ಸಮುದಾಯವೆಂದು ಕಲ್ಪಿಸಿಕೊಳ್ಳುತ್ತಾರೆ ಎಂದು ವಿವರಿಸಿದರು. ಕಾಗಲದ ಕನ್ನಡಿಗ ಬೆಳಿಗ್ಗೆ ಓದುವುದು ಯಾವ ಪತ್ರಿಕೆಯನ್ನು? 1939ರಿಂದ ಕೊಲ್ಹಾಪುರದ ದಿನಪತ್ರಿಕೆಯಾಗಿರುವ ‘ಪುಢಾರಿ’ಯೋ, ಮತ್ತೊಂದು ಮರಾಠಿ ದೈನಿಕವೋ ಆತನ ಮನೆ ಬಾಗಿಲಿಗೆ ಬರುತ್ತದೆ. ಕನ್ನಡ ದೈನಿಕಗಳು, ಅದರಲ್ಲೂ 1999ರಲ್ಲಿ ‘ವಿಜಯ ಕರ್ನಾಟಕ’ ಬಂದ ಮೇಲಿನ ಪೈಪೋಟಿಯಲ್ಲಿ, ಜಿಲ್ಲೆಗೊಂದು ಪುಟವನ್ನು ಬೆಳೆಸಿದವು. ಆದರೆ ಬೆಳಗಾವಿ ಜಿಲ್ಲೆಯ ಪುಟ ಕೊಗನೊಳ್ಳಿಯ ಟೋಲ್ ನಾಕಾದಲ್ಲಿ ಮುಗಿಯುತ್ತದೆ. ದೂಧಗಂಗೆಯ ಸೇತುವೆಯ ಆಚೆಗಿನ ಕನ್ನಡದ ಓಣಿಯಲ್ಲಿ ನಡೆದ ಜಾತ್ರೆ, ಮುಚ್ಚಿದ ಶಾಲೆ, ಕಬ್ಬಿನ ಬಿಲ್ಲು ಯಾವ ಜಿಲ್ಲೆಯ ಕನ್ನಡ ಪುಟಕ್ಕೂ ಸೇರುವುದಿಲ್ಲ.

ಎರಡು ಭಾಷೆಗಳ ಪತ್ರಿಕಾ ಪರಿಭಾಷೆಯನ್ನು ಅಕ್ಕಪಕ್ಕ ಇಟ್ಟರೆ ಈ ಇಲ್ಲದಿರುವಿಕೆ ಇನ್ನಷ್ಟು ಸ್ಪಷ್ಟವಾಗುತ್ತದೆ. ಮರಾಠಿಯಲ್ಲಿ ‘ಸೀಮಾಭಾಗ’ ಎಂದರೆ ಬೆಳಗಾವಿ, ನಿಪ್ಪಾಣಿ, ಖಾನಾಪುರ, ಕಾರವಾರ, ಬೀದರ್ ಕಡೆ. ಮಹಾರಾಷ್ಟ್ರದೊಳಗೇ ಇರುವ ಕಾಗಲ ಆ ಪದದ ವ್ಯಾಪ್ತಿಗೆ ಬರುವುದಿಲ್ಲ. ಕನ್ನಡದ ‘ಗಡಿನಾಡು’ ಜತ್ತ, ಅಕ್ಕಲಕೋಟ, ಸೊಲ್ಲಾಪುರಗಳನ್ನು ಒಳಗೊಳ್ಳುತ್ತದೆ. ಕಾರಣ, 1967ರ ಮಹಾಜನ ಆಯೋಗದ ವರದಿ ಕರ್ನಾಟಕಕ್ಕೆ ಸೇರಬೇಕೆಂದ ಪ್ರದೇಶಗಳು ಅವು. ಕೊಲ್ಹಾಪುರ ಜಿಲ್ಲೆಯ ಕನ್ನಡಿಗರು ಎರಡೂ ಪದಗಳ ನಡುವಿನ ಬಿರುಕಿನಲ್ಲಿ ಉಳಿದಿದ್ದಾರೆ. 1956ರ ಪುನರ್ವಿಂಗಡಣೆಯಲ್ಲಿ ಬೆಳಗಾವಿ ಜಿಲ್ಲೆಯಿಂದ ಬೇರ್ಪಟ್ಟು ಮುಂಬಯಿ ರಾಜ್ಯದಲ್ಲೇ ಉಳಿದ ಚಂದಗಡ ತಾಲೂಕಿನ ಕಥೆಯೂ ಬಹುಮಟ್ಟಿಗೆ ಇದೇ. ಇಲ್ಲಿಯವರು ಸುದ್ದಿಯಾಗುವುದು ಗಡಿ ಗದ್ದಲ ಎದ್ದಾಗ. ಆಗಲೂ ಸುದ್ದಿಯಾಗುವುದು ಗದ್ದಲ, ಇಲ್ಲಿಯವರಲ್ಲ.

3. ಬ್ಲಾಗಿನ ದಶಕ ಮತ್ತು ಲಿಪಿಯ ಗಡಿ

ಈ ಹಿನ್ನೆಲೆಯಲ್ಲಿ ಅಂತರ್ಜಾಲ ದೊಡ್ಡ ಭರವಸೆಯಾಗಿ ಬಂತು. ಜಿಲ್ಲಾ ಪುಟಕ್ಕೆ ಗಡಿಯಿದೆ, ಜಾಲತಾಣಕ್ಕೆ ಇಲ್ಲ. 1998ರಲ್ಲಿ ಬಂದ ‘ಬರಹ’ ತಂತ್ರಾಂಶ, ಕನ್ನಡ ಗಣಕ ಪರಿಷತ್ತಿನ ‘ನುಡಿ’, ಆಮೇಲೆ ಯುನಿಕೋಡ್ ಕನ್ನಡದ ಬಳಕೆ ಇವು ಹಾದಿ ಮಾಡಿಕೊಟ್ಟವು. 2005ರಲ್ಲಿ ‘ಸಂಪದ’, 2007ರಲ್ಲಿ ‘ಕೆಂಡಸಂಪಿಗೆ’ ಮತ್ತು ‘ಅವಧಿ’ ಬಂದವು. ಅವುಗಳ ಸುತ್ತ ನೂರಾರು ಬ್ಲಾಗುಗಳು ಹುಟ್ಟಿದವು. ಪತ್ರಿಕೆ ಮತ್ತು ವಾಹಿನಿಗಳ ನಡೆಯನ್ನೇ ವಿಮರ್ಶೆಗೆ ಒಡ್ಡಿದ ಅನಾಮಿಕ ಬ್ಲಾಗುಗಳೂ ಬಂದವು. ಸಂಪಾದಕನ ಮೇಲೂ ಒಬ್ಬ ಓದುಗ ಕಣ್ಣಿಟ್ಟಿದ್ದಾನೆ ಎಂಬುದು ಕನ್ನಡ ಪತ್ರಿಕೋದ್ಯಮಕ್ಕೆ ಹೊಸ ಅನುಭವ.

ಆ ಕಣ್ಣು ಬೇಕಾಗಿಯೂ ಇತ್ತು. 2009ರ ಮಹಾರಾಷ್ಟ್ರ ವಿಧಾನಸಭಾ ಚುನಾವಣೆಯ ಹೊತ್ತಿಗೆ ಅಭ್ಯರ್ಥಿಗಳ ಪ್ರಶಂಸೆ ಸುದ್ದಿಯ ವೇಷ ತೊಟ್ಟು, ಒಂದಕ್ಷರವೂ ಬದಲಾಗದೆ ಬೇರೆಬೇರೆ ಪತ್ರಿಕೆಗಳಲ್ಲಿ ಬಂದದ್ದನ್ನು ಪಿ. ಸಾಯಿನಾಥ್ ಬಯಲಿಗೆಳೆದರು, ಭಾರತೀಯ ಪತ್ರಿಕಾ ಮಂಡಳಿಯೂ ಕಾಸಿಗಾಗಿ ಸುದ್ದಿಯ ವಿಷಯವನ್ನು ವಿಚಾರಣೆಗೆ ಎತ್ತಿಕೊಂಡಿತು. ಹೆಸರು, ವಿಳಾಸ, ನೋಂದಣಿ ಸಂಖ್ಯೆ ಎಲ್ಲವೂ ಇದ್ದ ಅಚ್ಚಿನ ಸುದ್ದಿ ಪ್ರಾಮಾಣಿಕವಾಗಿಯೇ ಇತ್ತು ಎಂಬ ಹಳಹಳಿಕೆಗೆ ಹಾಗಾಗಿ ಆಧಾರವಿಲ್ಲ. ವಿಳಾಸವಿರುವುದು ಹೊಣೆಯ ಮೊದಲ ಶರತ್ತು ಮಾತ್ರ.

ಆದರೆ ಬ್ಲಾಗಿನ ದಶಕ ಕಾಗಲಕ್ಕೆ ಏನನ್ನು ಕೊಟ್ಟಿತು? ಕನ್ನಡ ಬ್ಲಾಗು ಮೂಲತಃ ಪ್ರಬಂಧದ, ಕವಿತೆಯ, ನೆನಪಿನ, ಟಿಪ್ಪಣಿಯ ಮಾಧ್ಯಮವಾಗಿತ್ತು. ಅದರ ಬರಹಗಾರರಲ್ಲಿ ಅನೇಕರು ಬೆಂಗಳೂರಿನಲ್ಲೋ ಅಮೆರಿಕದಲ್ಲೋ ಉದ್ಯೋಗದಲ್ಲಿದ್ದು, ಕನ್ನಡ ಶಾಲೆಯಲ್ಲಿ ಕಲಿತು ಊರು ಬಿಟ್ಟವರು. ದೂರ ಹೋದ ಕನ್ನಡಿಗನಿಗೆ ಬ್ಲಾಗು ಊರನ್ನು ಮರಳಿ ಕೊಟ್ಟಿತು. ಊರಿನಲ್ಲೇ ಉಳಿದು, ರಾಜ್ಯದ ಗೆರೆ ಬದಲಾದದ್ದರಿಂದ ಹೊರನಾಡಿಗನಾದವನಿಗೆ ಅದು ಹೆಚ್ಚಿನದೇನನ್ನೂ ಕೊಡಲಿಲ್ಲ. ಇದಕ್ಕೆ ಕಾರಣ ತಂತ್ರಜ್ಞಾನದ ಕೊರತೆಗಿಂತ ಲಿಪಿ. ಮನೆಯಲ್ಲಿ ಕನ್ನಡವಾಡಿ ಮರಾಠಿ ಮಾಧ್ಯಮದಲ್ಲಿ ಓದಿದವನು ಕನ್ನಡವನ್ನು ಕೇಳಬಲ್ಲ, ಹೇಳಬಲ್ಲ, ಓದಬೇಕಾದಾಗ ತಡವರಿಸುತ್ತಾನೆ. ಗಡಿಯೇ ಇಲ್ಲವೆಂದು ಹೇಳಿಕೊಂಡ ಮಾಧ್ಯಮದ ಹೊಸ್ತಿಲಲ್ಲಿ ವರ್ಣಮಾಲೆಯ ಗಡಿ ನಿಂತಿತ್ತು. ಕನ್ನಡ ಬ್ಲಾಗಿನ ಚರಿತ್ರೆ ಬರೆಯುವವರು ಇದನ್ನು ಗಮನಿಸಿದ್ದು ಕಡಿಮೆ, ಏಕೆಂದರೆ ಬರೆಯುವವರು ಮತ್ತು ಓದುವವರು ಇಬ್ಬರೂ ಆ ಹೊಸ್ತಿಲನ್ನು ಬಾಲ್ಯದಲ್ಲೇ ದಾಟಿದವರು.

ನಿಜವಾದ ಪಲ್ಲಟ ಆದದ್ದು 2016ರ ಬಳಿಕ. ಮೊಬೈಲ್ ಡೇಟಾ ಅಗ್ಗವಾಯಿತು. ಅಕ್ಷರದ ಜಾಗವನ್ನು ದನಿ ಮತ್ತು ವಿಡಿಯೊಗಳು ಆಕ್ರಮಿಸಿದವು. ಇಚಲಕರಂಜಿಯ ಯಂತ್ರಮಗ್ಗದ ಮುಂದೆ ನಿಂತವನಿಗೂ ಗಡಹಿಂಗ್ಲಜದ ಕಬ್ಬಿನ ಹೊಲದಲ್ಲಿರುವವನಿಗೂ ಈಗ ಓದಲು ಬರಬೇಕಾಗಿಲ್ಲ. ಕನ್ನಡ ಲಿಪಿ ಬಾರದವನು ಕನ್ನಡದಲ್ಲಿ ಧ್ವನಿ ಸಂದೇಶ ಕಳಿಸುತ್ತಾನೆ. ಬೇಕಾದರೆ ದೇವನಾಗರಿಯಲ್ಲೋ ರೋಮನ್‌ನಲ್ಲೋ ಕನ್ನಡ ಒತ್ತುತ್ತಾನೆ. ಮುದ್ರಣಯುಗ ಮನೆಯೊಳಗೆ ಕೂರಿಸಿದ್ದ ನುಡಿ ಮೊದಲ ಸಲ ಊರಾಚೆಗೆ ಸುದ್ದಿಯಾಗಿ ಹೊರಟಿತು. ಭಾಷಾ ಅಲ್ಪಸಂಖ್ಯಾತರ ದೃಷ್ಟಿಯಿಂದ ಇದು ಬ್ಲಾಗಿಗಿಂತ ದೊಡ್ಡ ಘಟನೆ. ಅದರ ಬೆಲೆಯೂ ಅಷ್ಟೇ ದೊಡ್ಡದು.

4. ಒಂದು ನದಿ, ಎರಡು ಸುದ್ದಿ

2019ರ ಆಗಸ್ಟಿನ ಮಹಾಪೂರ ಈ ಹೊಸ ಸುದ್ದಿಲೋಕದ ಮೊದಲ ದೊಡ್ಡ ಪರೀಕ್ಷೆ. ಪಂಚಗಂಗೆಯ ರಾಜಾರಾಮ ಬಂಧಾರೆಯಲ್ಲಿ 39 ಅಡಿ ಎಚ್ಚರಿಕೆಯ ಮಟ್ಟ, 43 ಅಡಿ ಅಪಾಯದ ಮಟ್ಟ. ಆ ವರ್ಷ ನೀರು 50 ಅಡಿಯನ್ನೂ ದಾಟಿತು. ಪುಣೆ–ಬೆಂಗಳೂರು ಹೆದ್ದಾರಿ ಹಲವು ದಿನ ಮುಚ್ಚಿತು. ಪತ್ರಿಕೆಯ ಗಾಡಿ ಹೋಗಲಾಗದ ಊರುಗಳಿಗೆ ಮೊಬೈಲ್ ಒಂದೇ ಪತ್ರಿಕೆಯಾಯಿತು. ಬಂಧಾರೆಯ ಮಟ್ಟ ಎಷ್ಟು ಅಡಿ ಎಷ್ಟು ಇಂಚು ಎಂಬ ಒಂದು ಸಾಲಿನ ಸಂದೇಶವು ಯಾವ ಸಂಪಾದಕೀಯಕ್ಕಿಂತ ಹೆಚ್ಚು ಓದುಗರನ್ನು ಕಂಡಿತು. ಅಳೆದದ್ದು, ಸ್ಥಳ ಗೊತ್ತಿರುವುದು, ಗಂಟೆಗೊಮ್ಮೆ ತಿದ್ದಬಹುದಾದದ್ದು: ಸುದ್ದಿಗೆ ಇರಬೇಕಾದ ಎಲ್ಲ ಗುಣಗಳೂ ಆ ಒಂದು ಸಾಲಿನಲ್ಲಿದ್ದವು.

ಅದರ ಬೆನ್ನಿಗೇ ಇನ್ನೊಂದು ಬಗೆಯ ಸಂದೇಶಗಳು ಹೊರಟವು. ಕರ್ನಾಟಕ ಆಲಮಟ್ಟಿಯ ಗೇಟು ತೆರೆಯದೆ ನೀರು ಹಿಡಿದಿಟ್ಟದ್ದರಿಂದ ಕೊಲ್ಹಾಪುರ, ಸಾಂಗ್ಲಿ ಮುಳುಗಿದವು ಎಂದು ಮರಾಠಿಯ ಸಂದೇಶಗಳು ಹೇಳಿದವು. ಮಹಾರಾಷ್ಟ್ರ ಕೊಯ್ನಾದಿಂದ ಬೇಕಾಬಿಟ್ಟಿ ನೀರು ಬಿಟ್ಟದ್ದರಿಂದ ಚಿಕ್ಕೋಡಿ, ಅಥಣಿ, ಜಮಖಂಡಿ ಮುಳುಗಿದವು ಎಂದು ಕನ್ನಡದ ಸಂದೇಶಗಳು ಹೇಳಿದವು. ನದಿ ಒಂದೇ, ಮಳೆ ಒಂದೇ. ಅಪರಾಧಿ ಮಾತ್ರ ಯಾವಾಗಲೂ ಓದುಗನ ಭಾಷೆಯನ್ನಾಡದವನು. ಮಹಾರಾಷ್ಟ್ರ ಸರ್ಕಾರವೇ ನೇಮಿಸಿದ ನಂದಕುಮಾರ ವಡ್ನೇರೆ ಸಮಿತಿ 2020ರ ತನ್ನ ವರದಿಯಲ್ಲಿ ಆ ಪೂರಕ್ಕೆ ಆಲಮಟ್ಟಿ ಕಾರಣವೆಂಬ ವಾದವನ್ನು ಒಪ್ಪಲಿಲ್ಲ. ವರದಿ ಬರುವ ಹೊತ್ತಿಗೆ ಸಂದೇಶಗಳು ತಮ್ಮ ಕೆಲಸ ಮುಗಿಸಿದ್ದವು. ಅವುಗಳನ್ನು ನಂಬಿದವರ ಮೊಬೈಲಿಗೆ ತಿದ್ದುಪಡಿಯನ್ನು ಕಳಿಸುವ ಹೊಣೆ ಯಾರದೂ ಆಗಿರಲಿಲ್ಲ.

ಇಲ್ಲಿ ಕಾಗಲದ ದ್ವಿಭಾಷಿಕನ ಸ್ಥಾನ ವಿಶಿಷ್ಟವಾದದ್ದು. ಎರಡೂ ಬಗೆಯ ಸಂದೇಶಗಳು ಒಂದೇ ಮೊಬೈಲಿಗೆ ಬಂದದ್ದು ಅವನಿಗೆ ಮಾತ್ರ. ನಿಪ್ಪಾಣಿಯ ಸೋದರಮಾವ ಕಳಿಸಿದ ಕನ್ನಡದ ಆರೋಪವನ್ನೂ ಕೊಲ್ಹಾಪುರದ ಸಹೋದ್ಯೋಗಿ ಕಳಿಸಿದ ಮರಾಠಿಯ ಆರೋಪವನ್ನೂ ಅಕ್ಕಪಕ್ಕ ಇಟ್ಟು, ಎರಡರ ವ್ಯಾಕರಣವೂ ಒಂದೇ ಎಂದು ಕಾಣಬಲ್ಲವನು ಅವನು. ತೌಲನಿಕ ಅಧ್ಯಯನದ ವಿದ್ಯಾರ್ಥಿ ವರ್ಷಗಟ್ಟಲೆ ಕಲಿಯುವ ಓದುವ ಕ್ರಮ ಅವನಿಗೆ ಹುಟ್ಟಿನಿಂದ ಬಂದಿದೆ. ಸುದ್ದಿಯ ಹೊಸ ವ್ಯವಸ್ಥೆ ಈ ಸಾಮರ್ಥ್ಯವನ್ನು ಬಳಸಿಕೊಂಡಿಲ್ಲ. ಅವನನ್ನು ಎರಡು ಕಡೆಯ ಸಿಟ್ಟನ್ನು ಒಮ್ಮೆಗೇ ಹೊರುವವನನ್ನಾಗಿ ಮಾಡಿದೆ.

5. ಕರ್ತೃವಿಲ್ಲದ ಪಠ್ಯ

2022ರ ನವೆಂಬರ್–ಡಿಸೆಂಬರಿನ ಗಡಿ ಗಲಾಟೆ ಇದೇ ಕಥೆಯ ಮುಂದಿನ ಅಧ್ಯಾಯ. ಜತ್ತ ತಾಲೂಕಿನ ಗ್ರಾಮಗಳು ಕರ್ನಾಟಕಕ್ಕೆ ಸೇರುವ ಠರಾವು ಮಾಡಿದ್ದವೆಂಬ ಕರ್ನಾಟಕದ ಮುಖ್ಯಮಂತ್ರಿಗಳ ಮಾತಿನಿಂದ ಅದು ಶುರುವಾಯಿತು. ಆ ಠರಾವು 2012ರದು, ನೀರಿನ ಬವಣೆಯಿಂದ ಬಂದದ್ದು ಎಂದು ಮಹಾರಾಷ್ಟ್ರ ಉತ್ತರಿಸಿತು. ಡಿಸೆಂಬರ್ 6ರಂದು ಬೆಳಗಾವಿ ಬಳಿಯ ಹಿರೇಬಾಗೇವಾಡಿಯಲ್ಲಿ ಮಹಾರಾಷ್ಟ್ರದ ವಾಹನಗಳ ಮೇಲೆ ಕಲ್ಲು ಬಿದ್ದವು, ಪುಣೆಯಲ್ಲಿ ಕರ್ನಾಟಕದ ಬಸ್ಸುಗಳಿಗೆ ಮಸಿ ಬಿತ್ತು. ಡಿಸೆಂಬರ್ 14ರಂದು ಕೇಂದ್ರ ಗೃಹಸಚಿವರು ಎರಡೂ ರಾಜ್ಯಗಳ ಮುಖ್ಯಮಂತ್ರಿಗಳನ್ನು ಕೂರಿಸಿ ಮಾತನಾಡಿದರು. ಸರ್ವೋಚ್ಚ ನ್ಯಾಯಾಲಯದಲ್ಲಿ 2004ರಿಂದ ಇರುವ ದಾವೆ ಇತ್ಯರ್ಥವಾಗುವವರೆಗೆ ಯಾರೂ ಹಕ್ಕು ಸಾಧಿಸಬಾರದು, ಎರಡೂ ಕಡೆಯಿಂದ ಮೂವರಂತೆ ಆರು ಸಚಿವರ ಸಮಿತಿ ಆಗಬೇಕು ಎಂಬುವು ಅಲ್ಲಿನ ತೀರ್ಮಾನಗಳು. ಜೊತೆಗೆ ಗೃಹಸಚಿವರು ಇನ್ನೊಂದು ಮಾತು ಹೇಳಿದರು: ಉನ್ನತ ನಾಯಕರ ಹೆಸರಿನ ನಕಲಿ ಟ್ವಿಟರ್ ಖಾತೆಗಳು ಪ್ರಕರಣವನ್ನು ಉಲ್ಬಣಗೊಳಿಸಿವೆ, ಅವುಗಳ ಮೇಲೆ ಎಫ್‌ಐಆರ್ ದಾಖಲಾಗುತ್ತದೆ.

1882 ಮತ್ತು 2022ರ ನಡುವಿನ ಅಂತರ ಈ ಮಾತಿನಲ್ಲಿ ಸ್ಪಷ್ಟವಾಗುತ್ತದೆ. ಕೊಲ್ಹಾಪುರ ಪ್ರಕರಣದಲ್ಲಿ ಪತ್ರ ಖೋಟಾ ಆಗಿತ್ತು. ಅದನ್ನು ಲೋಕಕ್ಕೆ ತಲುಪಿಸಿದವರು ಅಸಲಿಯಾಗಿದ್ದರು. ಈಗ ತಲುಪಿಸುವವನೇ ಖೋಟಾ. ಸಾಹಿತ್ಯ ಮೀಮಾಂಸೆ ಕರ್ತೃವಿನ ಮರಣವನ್ನು ಓದುಗನ ಬಿಡುಗಡೆಯೆಂದು ಸಂಭ್ರಮಿಸಿತ್ತು. ಕಾವ್ಯದಲ್ಲಿ ಅದು ನಿಜವಿರಬಹುದು. ಸುದ್ದಿಯಲ್ಲಿ ಕರ್ತೃ ಸತ್ತರೆ ಉಳಿಯುವುದು ಓದುಗನೊಬ್ಬನೇ, ಮತ್ತು ಹೊಣೆಯೆಲ್ಲ ಅವನ ಹೆಗಲ ಮೇಲೆ. 2023ರ ಜೂನ್ ಮೊದಲ ವಾರ ಕೊಲ್ಹಾಪುರದಲ್ಲಿ ಕೆಲವರ ಮೊಬೈಲ್ ಸ್ಟೇಟಸ್ ಊರನ್ನೇ ಬೀದಿಗಿಳಿಸಿತು; ಕಲ್ಲು, ಲಾಠಿ, ಅಂತರ್ಜಾಲ ಸ್ಥಗಿತ ಸಾಲಾಗಿ ಬಂದವು. ಸ್ಟೇಟಸ್ ಸುದ್ದಿಯಲ್ಲ, ವದಂತಿಯೂ ಅಲ್ಲ. 24 ಗಂಟೆಗಳಲ್ಲಿ ತಾನಾಗಿ ಅಳಿಸಿಹೋಗುವ ಒಂದು ಚಿತ್ರ. ಅದರ ಛಾಯಾಪ್ರತಿ ಉಳಿದು ಕೈಯಿಂದ ಕೈಗೆ ಹೋಗುತ್ತದೆ. ಯಾರು ಯಾವಾಗ ಯಾಕೆ ಹಾಕಿದರು ಎಂಬ ಸಂದರ್ಭ ಉಳಿಯುವುದಿಲ್ಲ.

ಇದಕ್ಕಿಂತ ಕ್ರೂರವಾದ ಉದಾಹರಣೆ 2018ರದು. ಆ ವರ್ಷದ ಜುಲೈ 1ರಂದು ಧುಳೆ ಜಿಲ್ಲೆಯ ರೈನಪಾಡಾದಲ್ಲಿ ಅಲೆಮಾರಿ ಸಮುದಾಯದ ಐವರನ್ನು, ಮಕ್ಕಳ ಕಳ್ಳರೆಂಬ ವಾಟ್ಸಾಪ್ ವದಂತಿಯನ್ನು ನಂಬಿ, ಜನ ಬಡಿದು ಕೊಂದರು. ಎರಡೇ ವಾರಗಳಲ್ಲಿ ಬೀದರ ಜಿಲ್ಲೆಯ ಮುರ್ಕಿಯಲ್ಲಿ ಅದೇ ವದಂತಿ ಕನ್ನಡ ನೆಲದಲ್ಲಿ ಒಂದು ಪ್ರಾಣ ತೆಗೆಯಿತು. ಆ ತಿಂಗಳೇ ವಾಟ್ಸಾಪ್ ಭಾರತದಲ್ಲಿ ಒಂದು ಸಂದೇಶವನ್ನು ಒಮ್ಮೆಗೆ ಐದು ಕಡೆ ಮಾತ್ರ ಮುಂದೂಡಬಹುದೆಂಬ ಮಿತಿ ತಂದಿತು. ಜುಲೈ 1 ಕನ್ನಡ ಪತ್ರಿಕಾ ದಿನ; 1843ರ ಅದೇ ದಿನ ಹರ್ಮನ್ ಮೋಗ್ಲಿಂಗ್ ಕಲ್ಲಚ್ಚಿನಲ್ಲಿ ‘ಮಂಗಳೂರ ಸಮಾಚಾರ’ವನ್ನು ಹೊರತಂದರು. 175 ವರ್ಷ ತುಂಬಿದ ದಿನ ಕನ್ನಡದ ಪತ್ರಕರ್ತರು ಸನ್ಮಾನ ಸಮಾರಂಭಗಳಲ್ಲಿದ್ದಾಗ ಪಕ್ಕದ ರಾಜ್ಯದಲ್ಲಿ ಸುದ್ದಿಯ ಹೆಸರಿನ ಇನ್ನೊಂದು ವಸ್ತು ಐವರನ್ನು ಕೊಂದಿತ್ತು.

6. ಹೆಸರುಳ್ಳ ಜನ

ಹಾಗೆಂದು ಹೊಸ ಸುದ್ದಿಲೋಕವನ್ನು ವದಂತಿಯ ಲೋಕವೆಂದು ತಳ್ಳಿಹಾಕಲು ಇದೇ ಜಿಲ್ಲೆಯ 2025ರ ಅನುಭವ ಬಿಡುವುದಿಲ್ಲ. ಶಿರೋಳ ತಾಲೂಕಿನ ನಾಂದಣಿಯ ಜೈನ ಮಠದಲ್ಲಿ ಮೂರು ದಶಕಗಳಿಂದಿದ್ದ ಮಹಾದೇವಿ ಎಂಬ ಆನೆಯನ್ನು ನ್ಯಾಯಾಲಯದ ಆದೇಶದಂತೆ ಜುಲೈ ಕೊನೆಯಲ್ಲಿ ಗುಜರಾತಿನ ಪ್ರಾಣಿಕೇಂದ್ರಕ್ಕೆ ಒಯ್ಯಲಾಯಿತು. ಬೀಳ್ಕೊಡುಗೆಯ ವಿಡಿಯೊಗಳು ಊರಿನವರ ಮೊಬೈಲುಗಳಿಂದಲೇ ಹೊರಟವು. ದಿನಗಳಲ್ಲಿ ಸಹಿ ಸಂಗ್ರಹ, ನಾಂದಣಿಯಿಂದ ಕೊಲ್ಹಾಪುರಕ್ಕೆ ಮೌನ ಪಾದಯಾತ್ರೆ, ಮೊಬೈಲ್ ಸಂಪರ್ಕವನ್ನೇ ಬದಲಿಸುವ ಬಹಿಷ್ಕಾರ ನಡೆದವು; ಸರ್ಕಾರವೂ ಪ್ರಾಣಿಕೇಂದ್ರವೂ ಆನೆಯನ್ನು ಹಿಂದಿರುಗಿಸುವ ಮಾತಾಡಬೇಕಾಯಿತು. ಕೃಷ್ಣೆಯ ಎರಡೂ ಬದಿಯ ಜೈನ ಕುಟುಂಬಗಳಿಗೆ ಇದು ಮರಾಠಿಯಲ್ಲೂ ಕನ್ನಡದಲ್ಲೂ ಒಂದೇ ಸುದ್ದಿಯಾಗಿತ್ತು. ಪೂರದ ಸುದ್ದಿಯಂತೆ ಭಾಷೆಗೊಂದು ಅಪರಾಧಿ ಇಲ್ಲಿರಲಿಲ್ಲ.

ಈ ಸುದ್ದಿಯಲ್ಲೂ ಕೊರತೆಗಳಿದ್ದವು. ಆನೆಯ ಆರೋಗ್ಯವನ್ನು ಕುರಿತ ವರದಿಗಳು ಮತ್ತು ನ್ಯಾಯಾಲಯ ಕೊಟ್ಟ ಕಾರಣಗಳು ಕಣ್ಣೀರಿನ ದೃಶ್ಯಗಳ ಹಿಂದೆ ಮರೆಯಾದವು. ಆದರೆ ಮಾತನಾಡಿದವರಿಗೆ ಮುಖವಿತ್ತು, ಊರಿತ್ತು. ಅಂಥ ಸುದ್ದಿಯನ್ನು ಒಪ್ಪದವನು ಎದುರಿಗೆ ಬಂದು ವಾದಿಸಬಹುದು. ಸುದ್ದಿಯ ಸತ್ಯಾಸತ್ಯವನ್ನು ಸರ್ಕಾರದ ಒಂದು ಘಟಕ ನಿರ್ಧರಿಸಬೇಕೆಂಬ ನಿಯಮವನ್ನು ಮುಂಬಯಿ ಉಚ್ಚ ನ್ಯಾಯಾಲಯ 2024ರ ಸೆಪ್ಟೆಂಬರಿನಲ್ಲಿ ರದ್ದುಪಡಿಸಿತು. ಸತ್ಯದ ಗುತ್ತಿಗೆಯನ್ನು ಸರ್ಕಾರಕ್ಕೆ ವಹಿಸದೆಯೂ ಹೊಣೆಯನ್ನು ಉಳಿಸಿಕೊಳ್ಳುವ ದಾರಿ ಬೇಕು. ಮುಖ ಮತ್ತು ಊರು ಆ ದಾರಿಯ ಮೊದಲ ಗುರುತುಗಳು.

7. ಅಳಿಸಿಹೋಗುವ ಚರಿತ್ರೆ

ಮೂರನೆಯ ಪ್ರಶ್ನೆ ಉಳಿದಿದೆ: ನಾಳೆ ಇದೆಲ್ಲ ಎಲ್ಲಿ ಸಿಗುತ್ತದೆ? ಕೊಲ್ಹಾಪುರ ಪ್ರಕರಣವನ್ನು ಇಂದು ಓದಲು ಸಾಧ್ಯವಾಗಿರುವುದು ‘ಕೇಸರಿ’ಯ ಸಂಚಿಕೆಗಳು ಉಳಿದದ್ದರಿಂದ, ಆಗರ್ಕರರು ಬರೆದಿಟ್ಟದ್ದರಿಂದ, 1850ರಲ್ಲಿ ಆರಂಭವಾದ ಕರವೀರ ನಗರ ವಾಚನ ಮಂದಿರದಂಥ ಸಂಸ್ಥೆಗಳು ಕಾಗದವನ್ನು ಕಾಪಾಡುವ ರೂಢಿಯನ್ನು ಬೆಳೆಸಿದ್ದರಿಂದ. ಕನ್ನಡದ ಮೊದಲ ತಲೆಮಾರಿನ ಅನೇಕ ಜಾಲತಾಣಗಳು ಯುನಿಕೋಡ್ ಅಲ್ಲದ ಫಾಂಟುಗಳಲ್ಲಿದ್ದವು. ಆ ಪುಟ ಎಲ್ಲಾದರೂ ಉಳಿದಿದ್ದರೂ ಇಂದು ತೆರೆದರೆ ಕಾಣುವುದು ಅರ್ಥವಿಲ್ಲದ ರೋಮನ್ ಅಕ್ಷರಗಳ ಸಾಲು. 2014ರಲ್ಲಿ ಆರ್ಕುಟ್ ಮುಚ್ಚಿತು, 2019ರಲ್ಲಿ ಗೂಗಲ್ ಪ್ಲಸ್ ಮುಚ್ಚಿತು. ಅಲ್ಲಿದ್ದ ಕನ್ನಡದ ಗುಂಪುಗಳ ಮಾತುಕತೆಯೂ ಜೊತೆಗೇ ಹೋಯಿತು. ಕನ್ನಡ ಲಿಪಿ ಬಾರದ ಕನ್ನಡಿಗ ಮೊದಲ ಸಲ ಸುದ್ದಿ ಹೇಳಿದ ಆ ಧ್ವನಿ ಸಂದೇಶಗಳಂತೂ ಮೊಬೈಲ್ ಬದಲಿಸಿದ ದಿನವೇ ಇಲ್ಲವಾಗುತ್ತವೆ. ಮುಂದಿನ ಶತಮಾನದ ಸಂಶೋಧಕನಿಗೆ ಈ ಸೀಮೆಯ 1882 ಸಿಗುತ್ತದೆ, 1920 ಸಿಗುತ್ತದೆ. 2019 ಮತ್ತು 2022 ಸಿಗುವುದು ಸರ್ಕಾರಿ ವರದಿಗಳಲ್ಲಿ ಮತ್ತು ಎರಡು ರಾಜ್ಯಗಳ ರಾಜಧಾನಿಗಳ ಪತ್ರಿಕೆಗಳಲ್ಲಿ. ಮುದ್ರಣಯುಗದಲ್ಲಿ ಪುಟವಿಲ್ಲದೆ ಮೂಕವಾಗಿದ್ದವರು ಈಗ ಮಾತನಾಡಿಯೂ ದಾಖಲೆಯಿಲ್ಲದೆ ಮೂಕರಾಗುವ ಅಪಾಯವಿದೆ.

ಈ ನೆಲಕ್ಕೆ ದಾಖಲೆಯ ಪರಂಪರೆ ಹೊಸದಲ್ಲ. ಖಿದ್ರಾಪುರದ ಕೋಪೇಶ್ವರ ದೇವಾಲಯದಲ್ಲಿ ಕನ್ನಡದ ಶಾಸನವೂ ಇದೆ, ದೇವನಾಗರಿಯ ಸಂಸ್ಕೃತ ಶಾಸನವೂ ಇದೆ. ಕನ್ನಡ ಶಾಸನದ ರೂಢಿಯ ಚೌಕಟ್ಟು ಓದುಗರಿಗೆ ಪರಿಚಿತವೇ: ಶಕವರ್ಷ, ದಾನಿಯ ಹೆಸರು, ಭೂಮಿಯ ಎಲ್ಲೆ, ಸಾಕ್ಷಿಗಳು, ಕೆಲವೊಮ್ಮೆ ಬರೆದವನ ಮತ್ತು ಕಂಡರಿಸಿದವನ ಹೆಸರು, ಕೊನೆಯಲ್ಲಿ ಇದನ್ನು ಅಳಿಸಿದವನಿಗೆ ಶಾಪ. ಒಂದು ಸಂಗತಿ ನಡೆದಿದೆ ಎಂದು ಸಾರ್ವಜನಿಕರಿಗೆ ಹೇಳಲು ಏನೆಲ್ಲ ಬೇಕು ಎಂಬುದನ್ನು ಆ ಶಿಲ್ಪಿಗಳು ಅರಿತಿದ್ದರು.

ಗಡಿಭಾಗದ ಕನ್ನಡ ಅಧ್ಯಯನ ಇದುವರೆಗೆ ಶಾಸನ, ಜಾನಪದ, ಶಾಲೆಗಳ ಅಂಕಿಅಂಶ ಇವುಗಳ ಸುತ್ತ ನಡೆದಿದೆ. ಸುದ್ದಿಯೂ ಅದರ ವಸ್ತುವಾಗಬೇಕಾಗಿದೆ. ಕೊಲ್ಹಾಪುರ ಜಿಲ್ಲೆಯ ಕನ್ನಡದ ಧ್ವನಿ ಸಂದೇಶ ಮತ್ತು ವಿಡಿಯೊಗಳನ್ನು, ಕಳಿಸಿದವರ ಒಪ್ಪಿಗೆಯೊಂದಿಗೆ, ದಿನಾಂಕ ಮತ್ತು ಊರಿನ ಹೆಸರು ಸಮೇತ ಸಂಗ್ರಹಿಸುವುದು ಒಂದು ಸಣ್ಣ ಸಂಸ್ಥೆಯ ಶಕ್ತಿಗೂ ಮೀರಿದ ಕೆಲಸವಲ್ಲ. ಒಂದೇ ಘಟನೆಯ ಕನ್ನಡ ಮತ್ತು ಮರಾಠಿ ಸಂದೇಶಗಳನ್ನು ಅಕ್ಕಪಕ್ಕ ಇಟ್ಟು ಓದುವ ಅಭ್ಯಾಸವನ್ನು ದ್ವಿಭಾಷಿಕ ತರಗತಿಗಳಲ್ಲಿ ಪಾಠವಾಗಿಸುವುದೂ ಸಾಧ್ಯ. ದೂಧಗಂಗೆಯ ನೀರು ಮುಂದಿನ ಮಳೆಗಾಲದಲ್ಲಿ ಮತ್ತೆ ಏರುತ್ತದೆ, ಕೊಯ್ನಾ–ಆಲಮಟ್ಟಿಗಳ ಸಂದೇಶಗಳು ಮತ್ತೆ ಬರುತ್ತವೆ. ಅವು ಎರಡೂ ಭಾಷೆ ಬಲ್ಲವನ ಮೊಬೈಲಿಗೆ ತಲುಪಿದಾಗ ಅವನು ಮುಂದಕ್ಕೆ ಕಳಿಸುವುದು ಸುದ್ದಿಯನ್ನೋ ಬಾತ್ಮಿಯನ್ನೋ ಎಂಬುದು, ತಂದವನಾರು ಎಂದು ಕೇಳುವ ರೂಢಿ ಅಷ್ಟರಲ್ಲಿ ಎಷ್ಟು ಬೇರೂರಿದೆ ಎಂಬುದನ್ನು ಅವಲಂಬಿಸಿರುತ್ತದೆ.